ಕೋಡಿಬೆಂಗ್ರೆಯ ಒಂದು ಹೋಮ್‌ಸ್ಟೇ: ಕಡಲ ತಡಿಯ ಸಣ್ಣ ಊರಿನ ದಿನಚರಿಯೊಳಗೆ

ಕರಾವಳಿಯಲ್ಲಿ ಕಡಲು ಕಾಣುವ ಕೋಣೆಗಳಿಗೆ ಈಗ ಕೊರತೆಯಿಲ್ಲ. ಈಜುಕೊಳವಿರುವ ರೆಸಾರ್ಟುಗಳಿವೆ, ವಾರದ ಕೊನೆಗೆ ಗೆಳೆಯರ ಗುಂಪುಗಳಿಗೆಂದೇ ಕಟ್ಟಿಸಿದ ಕಾಟೇಜುಗಳಿವೆ. ಆದರೆ ಕಡಲ ತಡಿಯ ಸಣ್ಣ ಊರೊಂದರಲ್ಲಿ ಕೆಲವು ಕಾಲ ಬಾಳಿ ನೋಡಬೇಕು, ಅಲ್ಲಿಯ ಜನ ಏಳುವ ಹೊತ್ತಿಗೆ ಎದ್ದು ಅವರು ಉಣ್ಣುವುದನ್ನೇ ಉಣ್ಣಬೇಕು ಎಂದು ಬಯಸುವವರಿಗೆ ಒದಗುವ ಜಾಗಗಳು ಬೆರಳೆಣಿಕೆಯಷ್ಟು. ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿಯ ತನಕ ನಾನು ಉಳಿದುಕೊಂಡಿದ್ದ ಕೋಡಿಬೆಂಗ್ರೆಯ ಮನೆ ಅಂತಹ ಜಾಗಗಳಲ್ಲಿ ಒಂದು. ಬಾಡಿಗೆಗೆ ಕೊಡುವುದು ಎರಡೇ ಕೋಣೆಗಳಾದ್ದರಿಂದ ಮನೆಯವರು ಹೆಚ್ಚಿನ ಪ್ರಚಾರವನ್ನು ಬಯಸುವುದಿಲ್ಲ. ಅವರ ಕೋರಿಕೆಯಂತೆ ಮನೆಯ ಹೆಸರನ್ನು ಇಲ್ಲಿ ಬರೆದಿಲ್ಲ. ಇದೇ ಬಗೆಯ ಮನೆಗಳು ಬೆಂಗ್ರೆಯಿಂದ ಹೂಡೆಯವರೆಗೆ ಇನ್ನೂ ಕೆಲವು ಇರುವುದರಿಂದ, ಆಯ್ಕೆ ಮಾಡುವವರಿಗೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದಕ್ಕೆ ಈ ವಿಮರ್ಶೆ ನೆರವಾಗಬಹುದು.

ಮೊದಲು ಊರಿನ ಬಗ್ಗೆ ಹೇಳಬೇಕು, ಏಕೆಂದರೆ ಇಲ್ಲಿ ಅತಿಥಿಗೆ ಸಿಗುವ ಸುಖದ ಬಹುಪಾಲು ಊರಿನದೇ. ಕೋಡಿಬೆಂಗ್ರೆ ಉಡುಪಿ ಜಿಲ್ಲೆಯಲ್ಲಿ, ಮಲ್ಪೆಗೆ ಉತ್ತರದಲ್ಲಿ, ಅರಬ್ಬೀ ಸಮುದ್ರ ಮತ್ತು ಸ್ವರ್ಣಾ ನದಿಯ ನಡುವೆ ಚಾಚಿಕೊಂಡಿರುವ ಮರಳಿನ ಪಟ್ಟಿಯ ತುದಿಯಲ್ಲಿದೆ. ಘಟ್ಟದ ಕಡೆಯಿಂದ ಇಳಿದು ಬರುವ ಸ್ವರ್ಣೆ ಕಡಲ ಹತ್ತಿರಕ್ಕೆ ಬಂದ ಮೇಲೂ ಕೂಡಲೇ ಅದನ್ನು ಸೇರದೆ, ದಡದ ಗುಂಟ ಉತ್ತರಕ್ಕೆ ಹರಿದು, ಸೀತಾ ನದಿಯನ್ನು ಕೂಡಿಕೊಂಡು, ಹಂಗಾರಕಟ್ಟೆಯ ಎದುರಿನ ಅಳಿವೆಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ಪಟ್ಟಿ ಎಷ್ಟು ಕಿರಿದೆಂದರೆ ಹಲವು ಕಡೆ ಮನೆಯ ಮುಂಬಾಗಿಲಿನಿಂದ ಕಡಲೂ ಹಿಂಬಾಗಿಲಿನಿಂದ ಹೊಳೆಯೂ ಕೂಗಳತೆಯಲ್ಲಿರುತ್ತವೆ. ನಡುವೆ ಒಂದೇ ರಸ್ತೆ. ಅದರ ಎರಡೂ ಬದಿಗೆ ತೆಂಗಿನ ಮರಗಳು, ಹಂಚಿನ ಮನೆಗಳು, ಬಲೆ ಹರವಿದ ಅಂಗಳಗಳು. ಊರಿನ ಬಹುತೇಕ ಮನೆಗಳಿಗೆ ಮೀನುಗಾರಿಕೆಯೇ ಆಧಾರ. ಗಂಡಸರಲ್ಲಿ ಅನೇಕರು ಮಲ್ಪೆ ಬಂದರಿನಿಂದ ಹೊರಡುವ ಬೋಟುಗಳಲ್ಲಿ ದಿನಗಟ್ಟಲೆ ಆಳ ಸಮುದ್ರಕ್ಕೆ ಹೋಗುತ್ತಾರೆ. ಉಳಿದವರು ನಾಡದೋಣಿ, ದಡದಿಂದ ಎಳೆಯುವ ಕೈರಂಪಣಿ ಬಲೆ, ಹೊಳೆಯ ಬೀಸುಬಲೆಗಳನ್ನು ನೆಚ್ಚಿಕೊಂಡಿದ್ದಾರೆ. ಹೊಳೆಯ ಈಚೆಗೆ ತುಳು, ಆಚೆಗೆ ಕುಂದಗನ್ನಡ. ಬೆಂಗ್ರೆಯ ಅಂಗಡಿಯ ಮುಂದೆ ನಿಂತರೆ ಎರಡೂ ಕಿವಿಗೆ ಬೀಳುತ್ತವೆ.

ನಾನಿದ್ದದ್ದು ಮಂಗಳೂರು ಹಂಚಿನ ಹಳೆಯ ಮನೆ. ಮುಂದೆ ಉದ್ದನೆಯ ಜಗಲಿ, ಕೆಂಪು ಗಾರೆಯ ನೆಲ, ಅಂಗಳದಲ್ಲಿ ತುಳಸಿಕಟ್ಟೆ. ಅತಿಥಿಗಳಿಗೆಂದು ಬಿಟ್ಟುಕೊಟ್ಟ ಎರಡು ಕೋಣೆಗಳಿಗೂ ಬಾಗಿಲು ಜಗಲಿಗೇ ತೆರೆಯುತ್ತದೆ, ಸ್ನಾನದ ಕೋಣೆ ಒಳಗೇ ಇದೆ. ಮಂಚ, ಹತ್ತಿಯ ಹಾಸಿಗೆ, ಸೊಳ್ಳೆಪರದೆ, ಮೇಜು, ಫ್ಯಾನು. ಇಷ್ಟೇ ಸಾಮಾನು, ಎಲ್ಲವೂ ಶುಭ್ರ. ಎಸಿ ಇಲ್ಲ, ಟಿವಿ ಇಲ್ಲ. ಮಾಘದ ರಾತ್ರಿಗಳಲ್ಲಿ ಎಸಿಯ ನೆನಪೇ ಬರಲಿಲ್ಲ, ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಬರುವವರು ಇದನ್ನು ಯೋಚಿಸಬೇಕು. ಬೇಲಿಯ ಆಚೆಗೆ ಗಾಳಿಮರಗಳ ಒಂದು ಸಾಲು, ಅದರಾಚೆಗೆ ಮರಳು ಮತ್ತು ಕಡಲು. ಮನೆಯ ಮುಂದೆ ಕಾಂಕ್ರೀಟಿನ ಡೆಕ್ಕನ್ನೋ ಬಣ್ಣದ ದೀಪಗಳ ಸಾಲನ್ನೋ ಹಾಕದೆ ಇದ್ದದ್ದನ್ನು ಇದ್ದ ಹಾಗೆ ಉಳಿಸಿಕೊಂಡಿರುವುದು ನನಗೆ ಬಹಳ ಮೆಚ್ಚುಗೆಯಾಯಿತು. ಮಳೆಗಾಲದ ಕಡಲ್ಕೊರೆತದಲ್ಲಿ ವರ್ಷ ವರ್ಷವೂ ನೆಲ ಕಳೆದುಕೊಳ್ಳುವ ತೀರದಲ್ಲಿ ಇದು ಅಂದದ ಪ್ರಶ್ನೆ ಮಾತ್ರವಲ್ಲ. ಮರಳನ್ನು ಹಿಡಿದಿಡುವ ಗಿಡಬಳ್ಳಿಗಳನ್ನು ಕಿತ್ತು ಕಟ್ಟಿದ ಕಟ್ಟಡಗಳ ಮುಂದೆ ಕಲ್ಲುಬಂಡೆಗಳ ತಡೆಗೋಡೆ ಬಂದಿರುವುದನ್ನು ಈ ಕರಾವಳಿಯುದ್ದಕ್ಕೂ ಕಾಣಬಹುದು.

ಸೇವೆಯ ಗುಣ ತಿಳಿಯುವುದು ಊಟದಲ್ಲಿ. ಇಲ್ಲಿ ಮೆನು ಎಂಬುದಿಲ್ಲ. ಬೆಳಿಗ್ಗೆ ಹೊಳೆಯ ದಕ್ಕೆಗೆ, ಅಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆಗೆ, ಯಾವ ಮೀನು ಬಂದಿತೋ ಅದೇ ಮಧ್ಯಾಹ್ನದ ಊಟ. ಮನೆಯ ಯಜಮಾನಿಯನ್ನು ಊರಿನವರಂತೆ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ಬುಟ್ಟಿ ಹಿಡಿದು ಬಂದು ಜಗಲಿಯಲ್ಲಿ ನಿಂತು, “ಇವತ್ತು ಬೂತಾಯಿ ಮಾತ್ರ ಇರುವುದು, ಆಗಬಹುದಾ ಅಣ್ಣ?” ಎಂದು ಕೇಳುತ್ತಿದ್ದರು. ಬೂತಾಯಿ ಬೇಡವೆನ್ನುವವರಿಗೆ ಮೊಟ್ಟೆಯೋ ತರಕಾರಿಯೋ ಆಗುತ್ತದೆ. ಆದರೆ ಪೇಟೆಯಲ್ಲಿ ಐಸಿನಡಿ ಮಲಗಿದ್ದ ಮೀನು ತಿಂದವರಿಗೆ, ಬಲೆಯಿಂದ ಬಿಡಿಸಿ ಎರಡು ಗಂಟೆಯೂ ಕಳೆಯದ ಬೂತಾಯಿಯ ರುಚಿಯನ್ನು ಎಷ್ಟು ಹೇಳಿದರೂ ಕಡಿಮೆಯೇ. ಮೀನಿನ ಕಣ್ಣು ತಿಳಿಯಾಗಿರಬೇಕು, ಕಿವಿರು ರಕ್ತಗೆಂಪಾಗಿರಬೇಕು, ಬೆರಳಲ್ಲಿ ಒತ್ತಿದರೆ ಕುಳಿ ನಿಲ್ಲಬಾರದು ಎಂದು ಅಕ್ಕ ಒಂದೊಂದನ್ನೂ ತಿರುಗಿಸಿ ತೋರಿಸಿಕೊಟ್ಟಿದ್ದಾರೆ. ಈಗ ನಾನು ಬೆಂಗಳೂರಿನ ಮೀನಂಗಡಿಯಲ್ಲಿಯೂ ಹಾಗೆಯೇ ನೋಡುತ್ತೇನೆ.

ಬಯಸುವ ಅತಿಥಿಗಳಿಗೆ ಅಡುಗೆಮನೆಯ ಬಾಗಿಲು ತೆರೆದೇ ಇರುತ್ತದೆ. ಅಕ್ಕ ಹಿತ್ತಿಲಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು, ಮೀನು ಜಾರದಂತೆ ಕೈಗೆ ಒಲೆಯ ಬೂದಿ ಮೆತ್ತಿಕೊಂಡು, ಬಂಗುಡೆಯ ತಲೆಯ ಕೆಳಗೆ ಒಂದು ಗೀರು ಹಾಕಿ ಒಂದೇ ಎಳೆತಕ್ಕೆ ಒಳಗಿನದನ್ನೆಲ್ಲ ಹೊರಗೆ ತೆಗೆಯುತ್ತಿದ್ದರು. ಬೆನ್ನಿನ ಎರಡೂ ಕಡೆ ಓರೆಯಾಗಿ ಮೂರು ಮೂರು ಕಚ್ಚು, ಮಸಾಲೆ ಒಳಗಿಳಿಯಲೆಂದು. ಕಾಗೆಗಳೂ ಎರಡು ಬೆಕ್ಕುಗಳೂ ತಮ್ಮ ತಮ್ಮ ಜಾಗದಲ್ಲಿ ಕಾದು ಕುಳಿತಿರುತ್ತಿದ್ದವು. ಹುರಿದ ಉದ್ದ ಮೆಣಸು, ಕೊತ್ತಂಬರಿ, ಜೀರಿಗೆ, ಚೂರು ಮೆಂತೆ, ಓಮ, ಬೆಳ್ಳುಳ್ಳಿ, ಹುಣಸೆಹುಳಿ ಇವನ್ನು ಕಲ್ಲಿನಲ್ಲಿ ನುಣ್ಣಗೆ ಕಡೆದು, ಮಣ್ಣಿನ ಪಾತ್ರೆಯಲ್ಲಿ ಕುದಿಸಿ, ಕಡೆಯಲ್ಲಿ ಮೀನು ಬಿಟ್ಟು, ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ಅಲುಗಿಸುತ್ತಾರೆ, ಮೀನು ಒಡೆಯಬಾರದೆಂದು. ಬಂಗುಡೆ ಪುಳಿಮುಂಚಿ ಆ ದಿನಕ್ಕಿಂತ ಮರುದಿನ ಬೆಳಿಗ್ಗೆ ನೀರುದೋಸೆಯೊಂದಿಗೆ ಇನ್ನೂ ಹೆಚ್ಚು ರುಚಿ. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಉಪ್ಪಿನಕಾಯಿ. ಮೀನು ತಿನ್ನದವರಿಗೆಂದು ಬಸಳೆ ಹುಳಿ, ಹಲಸಂಡೆ ಪಲ್ಯ, ಸಿಕ್ಕಿದ ದಿನ ಮಟ್ಟುಗುಳ್ಳದ ಸಾಂಬಾರು ಮಾಡುತ್ತಾರೆ, ಆದರೆ ಪಾತ್ರೆಗಳೂ ಒಲೆಯೂ ಅವೇ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಮನೆಯವರು ಅತಿಥಿಗಳಿಗೆಂದು ಯಾವ ‘ಆಕ್ಟಿವಿಟಿ’ಯನ್ನೂ ಏರ್ಪಡಿಸುವುದಿಲ್ಲ. ಬದಲಿಗೆ ಅವರು ಮಾಡುವುದು ಸರಳವಾದ ಒಂದು ಕೆಲಸ: ಊರಿನಲ್ಲಿ ಏನು ನಡೆಯಲಿದೆ ಎಂಬುದನ್ನು ಹೊತ್ತಿಗೆ ಸರಿಯಾಗಿ ತಿಳಿಸುವುದು. ಕೈರಂಪಣಿ ನೋಡಲು ಸಿಕ್ಕಿದ್ದು ಹೀಗೆಯೇ. ಬೆಳಕು ಹರಿಯುವ ಹೊತ್ತಿಗೆ ಯಜಮಾನರು ಬಾಗಿಲು ತಟ್ಟಿ, ದೋಣಿ ಇಳಿಯಿತು, ಬರುವುದಿದ್ದರೆ ಬನ್ನಿ ಎಂದರು. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ದೋಣಿಯವರು ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತಾ ಹೋಗಿ ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಾರೆ. ಆಮೇಲೆ ಎರಡೂ ಹಗ್ಗಗಳಿಗೆ ಸಾಲುಗಟ್ಟಿ ನಿಂತವರು ಎಳೆಯಲು ತೊಡಗುತ್ತಾರೆ. ಗಂಟೆಗೂ ಮಿಕ್ಕಿದ ಕೆಲಸ ಅದು. ಹಿಂದಿನವನು ಹಗ್ಗ ಸುತ್ತಿಟ್ಟು ಮತ್ತೆ ನೀರಿನಂಚಿಗೆ ಹೋಗಿ ಮುಂದೆ ಸೇರಿಕೊಳ್ಳುತ್ತಾನೆ. ಸಾಲು ಹೀಗೆ ತಿರುಗುತ್ತಲೇ ಇರುತ್ತದೆ. ಹಗ್ಗ ಹತ್ತಿರವಾದಂತೆ ಎರಡು ಸಾಲುಗಳೂ ಒಂದರ ಕಡೆಗೆ ಒಂದು ಸರಿಯುತ್ತಾ ಬರುತ್ತವೆ, ಮೇಲೆ ಗರುಡಗಳು ಸುತ್ತತೊಡಗುತ್ತವೆ, ನೀರಿನ ಬಣ್ಣವೇ ಬೇರೆಯಾಗುತ್ತದೆ. ಕೊನೆಗೆ ಬಲೆಯ ಚೀಲ ಮರಳಿನ ಮೇಲೆ ಬಂದಾಗ ಅದರೊಳಗೆ ಬೊಳಂಜಿರ್, ಸಣ್ಣ ಬಂಗುಡೆ, ನಂಗು, ಒಂದೆರಡು ಏಡಿ, ಬೆರಳು ಸೋಕಿದರೆ ಉರಿಯುವ ಲೋಳೆಮೀನು ಎಲ್ಲವೂ ಒಟ್ಟಿಗೆ ಮಿಡುಕುತ್ತಿದ್ದವು.

ಹಿಂದೆ ಇದೇ ತೀರದಲ್ಲಿ ಊರಿಗೆ ಊರೇ ಕೂಡಿ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆಗಳಿದ್ದವು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು ಬಂಗುಡೆ, ಬೂತಾಯಿಯ ಹಿಂಡುಗಳನ್ನು ಕಡಲಿನಲ್ಲಿಯೇ ಸುತ್ತಿ ಹಿಡಿಯತೊಡಗಿದ ಮೇಲೆ ರಂಪಣಿಗಳು ಒಂದೊಂದಾಗಿ ನಿಂತುಹೋದವು. ಈಗ ಉಳಿದಿರುವ ಕೈರಂಪಣಿ ಅದರ ಕಿರಿಯ ರೂಪ. ಎಳೆದವರಿಗೆಲ್ಲ ಪಾಲು ಉಂಟು ಎಂಬ ಹಳೆಯ ಕ್ರಮ ಮಾತ್ರ ಹಾಗೆಯೇ ಇದೆ. ಹಗ್ಗಕ್ಕೆ ಕೈ ಹಚ್ಚಿದ ತಪ್ಪಿಗೆ ನನಗೂ ಒಂದು ಬೊಗಸೆ ಬೊಳಂಜಿರ್ ಕೊಟ್ಟರು. ಬೇಡವೆಂದರೆ ಕೇಳಲಿಲ್ಲ, “ಎಳೆದವರು ಬರಿಗೈಯಲ್ಲಿ ಹೋಗಬಾರದು ಮಾರಾಯ್ರೆ” ಎಂದರು. ಆ ಮೀನನ್ನು ಅಕ್ಕ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಹುರಿದುಕೊಟ್ಟರು, ಬಿಲ್ಲಿನಲ್ಲಿ ಅದಕ್ಕೆ ಏನೂ ಹಾಕಲಿಲ್ಲ. ಹಣ ಕೊಟ್ಟು ಬಂದ ಅತಿಥಿಯನ್ನು ಹಗ್ಗದ ಸಾಲಿನಲ್ಲಿ ನಿಲ್ಲಿಸಿಕೊಳ್ಳುವ ಊರಿದು; ಅದಕ್ಕೆ ದಾರಿ ಮಾಡಿಕೊಟ್ಟದ್ದು ಮನೆಯವರು ನಮ್ಮನ್ನು ‘ನಮ್ಮಲ್ಲಿಗೆ ಬಂದವರು’ ಎಂದು ಊರಿಗೆ ಪರಿಚಯಿಸಿದ್ದು. ಈ ಹೋಮ್‌ಸ್ಟೇಯ ಅತ್ಯಂತ ಬೆಲೆಯುಳ್ಳ ಸೇವೆ ಇದೇ ಎಂದು ನಾನು ತಿಳಿದಿದ್ದೇನೆ.

ಉಳಿದ ಸುಖಗಳು ಇದರಷ್ಟು ದೊಡ್ಡವಲ್ಲ, ಆದರೆ ದಿನವೂ ಸಿಗುತ್ತವೆ. ಬೆಳಗಿನ ಜಾವ ನೆಲದ ಕಡೆಯಿಂದ ತಂಪುಗಾಳಿ ಬೀಸುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿ ಒಂದಿಷ್ಟು ಹೊತ್ತು ನಿಂತೇ ಹೋಗಿ, ಅನಂತರ ಕಡಲಿನ ಕಡೆಯಿಂದ ಬೀಸತೊಡಗುತ್ತದೆ. ಹಾಯಿ ಕಟ್ಟುತ್ತಿದ್ದ ಕಾಲದಲ್ಲಿ ಮೀನುಗಾರರು ಮುಂಜಾನೆಯ ಗಾಳಿಯಲ್ಲಿ ಹೊರಟು ಮಧ್ಯಾಹ್ನದ ಗಾಳಿಯಲ್ಲಿ ಮರಳುತ್ತಿದ್ದದ್ದು ಈ ಲೆಕ್ಕದಲ್ಲಿಯೇ ಎಂದು ಪಕ್ಕದ ಮನೆಯ ಹಿರಿಯರು ಹೇಳುತ್ತಿದ್ದರು. ಜಗಲಿಯಲ್ಲಿ ಕುಳಿತು ಗಾಳಿ ತಿರುಗುವ ಆ ಗಳಿಗೆಗೆ ಕಾಯುವುದು ನನಗೆ ಅಭ್ಯಾಸವೇ ಆಗಿಬಿಟ್ಟಿತು. ತೆಂಗಿನ ಗರಿಗಳು ಮೊದಲು ಅಲುಗುತ್ತವೆ, ಆಮೇಲೆ ಗಾಳಿಮರಗಳ ಸದ್ದು ಬರುತ್ತದೆ. ಉಬ್ಬರ ಇಳಿತಗಳೂ ಹಾಗೆಯೇ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುವ ಅವುಗಳ ಹೊತ್ತನ್ನು ಇಲ್ಲಿಯ ಹಿರಿಯರು ತಿಥಿಯಿಂದಲೇ ಹೇಳಬಲ್ಲರು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತದಲ್ಲಿ ಹೊಳೆಯ ಬದಿಯ ದಿಬ್ಬಗಳು ಮೇಲೆದ್ದಾಗ ಹೆಂಗಸರೂ ಮಕ್ಕಳೂ ಮರುವಾಯಿ ಎಂಬ ಚಿಪ್ಪುಮೀನು ಆಯಲು ಇಳಿಯುತ್ತಾರೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಪಾದದಿಂದ ತಡವಿ, ಗಟ್ಟಿಯಾದದ್ದು ತಾಗಿದರೆ ಬಗ್ಗಿ ಹೆಕ್ಕುವುದು. ಬುಟ್ಟಿ ತುಂಬಲು ಅವರಿಗೆ ಸಾಕಾಗುವ ಸಮಯದಲ್ಲಿ ಹೊಸಬರಿಗೆ ಒಂದು ಬೊಗಸೆ ಸಿಕ್ಕಿದರೆ ಹೆಚ್ಚು, ಆದರೂ ಆ ಹೊತ್ತಿನ ಮಾತು, ನಗು, ಹೊಳೆಯ ಕೆಸರಿನ ವಾಸನೆ ಎಲ್ಲವೂ ಚೆನ್ನ.

ಸಂಜೆಗಳ ಬಗ್ಗೆ ಒಂದು ಮಾತು. ಅಳಿವೆಯ ತುದಿಯಲ್ಲಿ ಶನಿವಾರ, ಭಾನುವಾರಗಳಂದು ಸೂರ್ಯಾಸ್ತ ನೋಡಲು ಕಾರುಗಳು ಸಾಲುಗಟ್ಟುತ್ತವೆ. ಉಳಿದ ದಿನಗಳಲ್ಲಿ ಅಲ್ಲಿರುವುದು ಗಾಳ ಹಾಕುವ ನಾಲ್ಕಾರು ಹುಡುಗರು, ಒಳಬರುವ ಬೋಟುಗಳು, ಆಚೆ ದಡದ ಹಂಗಾರಕಟ್ಟೆಯ ದೀಪಗಳು. ಕತ್ತಲಾದ ಮೇಲೆ ವಾರದ ಭಜನೆಯ ದಿನ ಮಂದಿರದಿಂದ ತಾಳ, ಹಾರ್ಮೋನಿಯಂ ಕೇಳಿಸುತ್ತವೆ. ಕರಾವಳಿಯ ಮೊಗವೀರರ ಊರುಗಳಲ್ಲಿ ಭಜನಾ ಮಂದಿರವೆಂದರೆ ದೇವರ ಮನೆಯೂ ಹೌದು, ಊರಿನ ಸಭೆ ಕೂಡುವ ಜಾಗವೂ ಹೌದು. ಹೊರಗಿನವರು ಹಿಂದೆ ಕುಳಿತು ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ, ಪಂಚಕಜ್ಜಾಯ ಕೊಡದೆ ಕಳಿಸುವುದೂ ಇಲ್ಲ. ಯಕ್ಷಗಾನದ ತಿರುಗಾಟ ನಡೆಯುವ ಕಾಲವಾದ್ದರಿಂದ ಹತ್ತಿರದ ಊರುಗಳಲ್ಲಿ ಹರಕೆಯ ಬಯಲಾಟಗಳೂ ಇರುತ್ತವೆ. ಯಜಮಾನರು ತಾವು ಹೋಗುವಾಗ ಕರೆದುಕೊಂಡು ಹೋಗುತ್ತಾರೆ, ಹಿಂದಿರುಗುವುದು ಮಾತ್ರ ಬೆಳಗಾದ ಮೇಲೆ.

ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಮುಖ್ಯವಾದದ್ದು ನೀರು. ಮರಳಿನೊಳಗೆ ಇಳಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಬೆಂಗ್ರೆಯ ಬಾವಿಗಳು ಕೊಡುವುದು ಆ ಪದರದ ನೀರನ್ನು. ಬಾವಿಯನ್ನು ಆಳಕ್ಕೆ ತೋಡಿದರೂ, ಪಂಪು ಹಚ್ಚಿ ಹೆಚ್ಚು ಎಳೆದರೂ ಕೆಳಗಿನ ಉಪ್ಪು ಮೇಲೇರುತ್ತದೆ, ಬೇಸಿಗೆ ಮುಂದುವರಿದಂತೆ ಅದು ತಾನಾಗಿಯೂ ಏರುತ್ತದೆ. ಫೆಬ್ರವರಿಯ ಕೊನೆಗೆ ಸ್ನಾನದ ನೀರಿನಲ್ಲಿ ಸಾಬೂನು ನೊರೆಯಾಗುವುದು ಕಡಿಮೆಯಾಗಿತ್ತು. ಕುಡಿಯಲು ನಲ್ಲಿಯ ನೀರನ್ನು ಕುದಿಸಿ ಆರಿಸಿ ಕೊಡುತ್ತಾರೆ, ಅದರಲ್ಲಿ ತೊಂದರೆಯಿಲ್ಲ. ಆದರೆ ಬೆಳಿಗ್ಗೆ ಸಂಜೆ ಶವರಿನಡಿ ನಿಲ್ಲುವ ಅಭ್ಯಾಸದವರು ಇಲ್ಲಿ ಬಕೆಟ್ಟಿಗೆ ಒಗ್ಗಿಕೊಳ್ಳಬೇಕು. ಅತಿಥಿ ಚೆಲ್ಲುವ ನೀರು ಅಕ್ಕಪಕ್ಕದ ಮನೆಗಳ ಬಾವಿಯದೂ ಹೌದು ಎಂಬುದನ್ನು ಮನೆಯವರು ಮೊದಲ ದಿನವೇ ವಿನಯದಿಂದ ಹೇಳುತ್ತಾರೆ. ಹಾಗೆ ಹೇಳುವುದು ಸರಿಯೆಂದೇ ನನ್ನ ಅಭಿಪ್ರಾಯ.

ಎರಡನೆಯದು ಒಣಮೀನಿನ ವಾಸನೆ. ಪಕ್ಕದ ಅಂಗಳದಲ್ಲಿ ಮೀನು ಒಣಹಾಕಿದ ದಿನಗಳಲ್ಲಿ ಅದು ಕೋಣೆಯೊಳಕ್ಕೂ ಬರುತ್ತದೆ. ಊರಿನವರ ಮಳೆಗಾಲದ ಆಹಾರ ಅದು, ದೂರುವಂತಹ ವಿಷಯವಲ್ಲ. ಆದರೂ ಸೂಕ್ಷ್ಮ ಮೂಗಿನವರಿಗೆ ತಿಳಿದಿರಲಿ. ಉಪ್ಪುಗಾಳಿಗೆ ಲೋಹವೆಲ್ಲ ಬೇಗ ತುಕ್ಕು ಹಿಡಿಯುವುದರಿಂದ ಕಿಟಕಿಯ ಚಿಲಕಗಳು ಬಿಗಿಯಾಗಿವೆ, ಒಂದು ಕೋಣೆಯ ಫ್ಯಾನು ಕಿರುಗುಟ್ಟುತ್ತದೆ. ಮೊಬೈಲಿನ ಸಿಗ್ನಲ್ ಜಗಲಿಯಲ್ಲಿ ಚೆನ್ನಾಗಿದೆ, ಒಳಗೆ ಅಷ್ಟಕ್ಕಷ್ಟೆ. ಇಲ್ಲಿಂದಲೇ ಕಚೇರಿ ಕೆಲಸ ಮಾಡುತ್ತೇನೆ ಎನ್ನುವವರು ಎರಡು ದಿನ ಇದ್ದು ನೋಡಿ ತೀರ್ಮಾನಿಸಲಿ. ತೀರದಲ್ಲಿ ಕಸವಿದೆ. ಹೊಳೆ ತಂದು ಹಾಕುವ ಪ್ಲಾಸ್ಟಿಕ್, ಹರಿದ ಬಲೆ, ಥರ್ಮಾಕೋಲು, ರಜಾದಿನದ ಪ್ರವಾಸಿಗರು ಬಿಟ್ಟುಹೋಗುವ ಬಾಟಲಿಗಳು. ಮನೆಯ ಮುಂದಿನಷ್ಟು ಜಾಗವನ್ನು ಯಜಮಾನರು ಬೆಳಿಗ್ಗೆ ಗುಡಿಸುತ್ತಾರೆ, ಅದರಾಚೆಗೆ ಯಾರದೂ ಜವಾಬ್ದಾರಿಯಿಲ್ಲದ ಸ್ಥಿತಿ. ಇಷ್ಟು ಚೆಲುವಾದ ತೀರಕ್ಕೆ ಇದು ಆಗಬಾರದಿತ್ತು ಎಂದು ಪ್ರತಿ ಬೆಳಗಿನ ನಡಿಗೆಯಲ್ಲಿಯೂ ಅನ್ನಿಸಿತು.

ಸುರಕ್ಷತೆಯ ವಿಷಯದಲ್ಲಿ ಮನೆಯವರಿಗೆ ಪೂರ್ಣ ಅಂಕ ಕೊಡಬೇಕು. ಬಂದ ದಿನವೇ ಯಜಮಾನರು ತೀರಕ್ಕೆ ಕರೆದುಕೊಂಡು ಹೋಗಿ ಎಲ್ಲಿ ಇಳಿಯಬಹುದು, ಎಲ್ಲಿ ಬಾರದು ಎಂಬುದನ್ನು ತೋರಿಸಿದರು. ಅಳಿವೆಯ ಹತ್ತಿರ ಯಾವ ಕಾರಣಕ್ಕೂ ನೀರಿಗಿಳಿಯಕೂಡದು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೆಲ್ಲ ಆ ಕಿರಿದಾದ ಬಾಗಿಲಿನಿಂದ ಕಡಲಿಗೆ ನುಗ್ಗುತ್ತದೆ, ಮೇಲಿನಿಂದ ನೋಡುವಾಗ ಶಾಂತವಾಗಿ ಕಂಡರೂ ಕೆಳಗಿನ ಸೆಳೆತಕ್ಕೆ ಒಳ್ಳೆಯ ಈಜುಗಾರರೂ ನಿಲ್ಲಲಾರರು. ಅಲೆಗಳ ಸಾಲಿನ ನಡುವೆ ನೊರೆಯಿಲ್ಲದೆ ಕಪ್ಪಾಗಿ ಕಾಣುವ ಪಟ್ಟಿಯಿದ್ದರೆ ಅಲ್ಲಿಯೂ ನೀರು ಹೊರಕ್ಕೆ ಎಳೆಯುತ್ತಿದೆ ಎಂದರ್ಥ. ತೀರದ ಈ ಭಾಗದಲ್ಲಿ ಜೀವರಕ್ಷಕರು ಯಾವಾಗಲೂ ಇರುವುದಿಲ್ಲವಾದ್ದರಿಂದ ಈ ತಿಳಿವಳಿಕೆಯೇ ರಕ್ಷೆ. ಮಕ್ಕಳನ್ನು ಕರೆತರುವವರು, ಯಾವ ಹೋಮ್‌ಸ್ಟೇಯನ್ನು ಆರಿಸಿಕೊಂಡರೂ, ಮನೆಯವರು ಇಷ್ಟನ್ನು ತಾವಾಗಿ ಹೇಳುತ್ತಾರೆಯೇ ಎಂದು ಗಮನಿಸಬೇಕು.

ದರ ನ್ಯಾಯವಾಗಿದೆ. ಇಬ್ಬರಿಗೆ ಬೆಳಗಿನ ತಿಂಡಿಯೂ ಸೇರಿ ಕೋಣೆಗೆ ದಿನಕ್ಕೆ 1,800 ರೂಪಾಯಿ, ವಾರಕ್ಕಿಂತ ಹೆಚ್ಚು ಉಳಿಯುವವರಿಗೆ ಇನ್ನೂ ಕಡಿಮೆ ಮಾಡುತ್ತಾರೆ. ಊಟಕ್ಕೆ ಬೇರೆ, ಮೀನಿನ ಅಂದಿನ ಬೆಲೆಯ ಮೇಲೆ ಲೆಕ್ಕ: ಬೂತಾಯಿ, ಬಂಗುಡೆಯ ದಿನ ಅಗ್ಗ, ಕಾಣೆಯೋ ಅಂಜಲೋ ಆದರೆ ದುಬಾರಿ. ತಂದ ಬೆಲೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ರೆಸಾರ್ಟಿನ ಸೌಕರ್ಯ ಬೇಕೆನ್ನುವವರಿಗೆ, ಒಂದೇ ರಾತ್ರಿ ತಂಗಿ ಮರುದಿನ ಕೊಲ್ಲೂರು, ಮುರ್ಡೇಶ್ವರ ಮುಗಿಸುವ ಅವಸರದವರಿಗೆ ಈ ಮನೆ ಹೊಂದುವುದಿಲ್ಲ. ನಿವೃತ್ತರಿಗೆ, ಓದು ಬರಹದವರಿಗೆ, ಶಾಲೆಯ ರಜೆಯಲ್ಲಿ ಮಕ್ಕಳಿಗೆ ಮೀನು, ದೋಣಿ, ಬಲೆಗಳನ್ನು ಹತ್ತಿರದಿಂದ ತೋರಿಸಬೇಕೆನ್ನುವ ತಂದೆತಾಯಿಗಳಿಗೆ ನಾನು ಯಾವ ಸಂಕೋಚವೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಮೊಣಕಾಲು ನೋವಿರುವ ಹಿರಿಯರಿಗೆ ಸಡಿಲ ಮರಳಿನಲ್ಲಿ ನಡೆಯುವುದು ಕಷ್ಟವಾಗಬಹುದು. ಅವರು ಇಳಿತದ ಹೊತ್ತು ನೋಡಿಕೊಂಡು ನೀರಿನಂಚಿನ ಗಟ್ಟಿ ಮರಳಿನಲ್ಲಿ ನಡೆದರೆ ಹಿತ.

ಬರಲು ನವೆಂಬರಿನಿಂದ ಫೆಬ್ರವರಿಯ ತನಕ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಕಡಲೂ ಕೆರಳಿರುತ್ತದೆ. ಆ ತಿಂಗಳುಗಳಲ್ಲಿ ಮನೆಯವರು ಅತಿಥಿಗಳನ್ನು ಇಟ್ಟುಕೊಳ್ಳುವುದಿಲ್ಲ. ಕೊಂಕಣ ರೈಲ್ವೆಯ ಉಡುಪಿ ನಿಲ್ದಾಣದಲ್ಲಿ ಇಳಿದವರು ಸಂತೆಕಟ್ಟೆ, ನೇಜಾರು, ಕೆಮ್ಮಣ್ಣು, ಹೂಡೆಯ ದಾರಿಯಾಗಿ ಬಸ್ಸಿನಲ್ಲಿಯೋ ರಿಕ್ಷಾದಲ್ಲಿಯೋ ಬರಬಹುದು, ರಾತ್ರಿಯ ರೈಲಿನವರು ರಿಕ್ಷಾವನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ಔಷಧಿ, ನಗದು ಹಣ, ಟಾರ್ಚು, ಒಂದು ಜೊತೆ ರಬ್ಬರಿನ ಚಪ್ಪಲಿ ಜೊತೆಗಿರಲಿ. ಕೋಣೆ ಕೇಳುವಾಗ ಮೀನು ತಿನ್ನುವಿರೋ ಇಲ್ಲವೋ ಎಂಬುದನ್ನು ಮರೆಯದೆ ಹೇಳಿ. ಅಕ್ಕ ಬೆಳಿಗ್ಗೆ ದಕ್ಕೆಗೆ ಹೋಗುವುದು ಆರು ಗಂಟೆಗೆ, ಆಮೇಲೆ ಹೇಳಿದರೆ ಒಳ್ಳೆಯ ಮೀನು ಉಳಿದಿರುವುದಿಲ್ಲ.